ಹಿಟ್ಟಿನ ಕೋಳಿ ಮತ್ತು ನಮ್ಮ ಉದ್ಯೋಗ

ಜನ್ನನ 'ಯಶೋಧರ ಚರಿತೆ'ಯ ಬಗ್ಗೆ ಕನ್ನಡದಲ್ಲಿ ನಡೆದಿರುವ ಚರ್ಚೆಯಲ್ಲಿ ಅಮೃತಮತಿಯದೇ ಸಿಂಹಪಾಲು. ಉಜ್ಜಯಿನಿಯ ರಾಣಿ ಕುರೂಪಿ ಮಾವುತ ಅಷ್ಟಾವಂಕನಿಗೆ ಯಾಕೆ ಮನಸೋತಳು, ಕವಿ ಅವಳ ಪರವೋ ವಿರೋಧವೋ ಎಂಬ ಪ್ರಶ್ನೆಗಳು ಇನ್ನೂ ಹಳತಾಗಿಲ್ಲ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕದಲ್ಲೂ ದಾಂಪತ್ಯದ ಬಿಕ್ಕಟ್ಟು ದೊಡ್ಡದಾಗಿಯೇ ಇದೆ. ಈ ನಡುವೆ ಕೋಳಿ ಮಾತ್ರ ಮೂಲೆಗೆ ಸರಿದಿದೆ. ಅದು ಜೈನಧರ್ಮದ ಪಾಠ ಹೇಳಲು ಬೇಕಾಗಿದ್ದ ನೆಪ ಎಂದು ನಾವು ಮುಂದೆ ಹೋಗುತ್ತೇವೆ. ಹೈದರಾಬಾದಿನಲ್ಲಿ ಕುಳಿತು ಓದಿದಾಗ ಆ ಕೋಳಿಯೇ ಕಾವ್ಯದ ನಡುಮನೆಯಲ್ಲಿದೆ ಎಂದು ನನಗೆ ಅನಿಸುತ್ತದೆ.

ಕತೆಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಹೆಂಡತಿಯ ಹಾದರವನ್ನು ಕಣ್ಣಾರೆ ಕಂಡ ಯಶೋಧರ ಎತ್ತಿದ ಕತ್ತಿಯನ್ನು ಇಳಿಸುತ್ತಾನೆ. ಮಗ ಮಂಕಾಗಿರುವುದನ್ನು ಕಂಡ ತಾಯಿ ಚಂದ್ರಮತಿಗೆ ಅವನು ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಅವಳು ಪರಿಹಾರಕ್ಕೆ ಬಲಿ ಕೊಡು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯ ಬಲಿಗೆ ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅಮೃತಮತಿಯ ವಿಷಕ್ಕೆ ತಾಯಿ-ಮಗ ಸಾಯುತ್ತಾರೆ. ಒಂದು ಜೀವವನ್ನೂ ಕೊಲ್ಲದ ಆ ಒಂದು ಏಟಿಗಾಗಿ ಪ್ರಾಣಿಜನ್ಮಗಳ ಸಾಲನ್ನೇ ದಾಟುತ್ತಾರೆ.

ಈ ಕತೆಗೂ ನಾವು ವಲಸೆ ಬಂದಿರುವ ಈ ಸೀಮೆಗೂ ಹಳೆಯ ನಂಟಿದೆ. ಜನ್ನ ಇದನ್ನು ಕನ್ನಡಕ್ಕೆ ತಂದದ್ದು 1209ರಲ್ಲಿ. ಅದಕ್ಕೆ 250 ವರ್ಷ ಮೊದಲು, 959ರಲ್ಲಿ, ಸೋಮದೇವಸೂರಿ ಇದೇ ಕತೆಯನ್ನು 'ಯಶಸ್ತಿಲಕ ಚಂಪು' ಎಂದು ಸಂಸ್ಕೃತದಲ್ಲಿ ಬರೆದು ಮುಗಿಸಿದ್ದ. ಅವನಿಗೆ ಆಶ್ರಯವಾಗಿದ್ದದ್ದು ವೇಮುಲವಾಡದ ಚಾಲುಕ್ಯರ ಮನೆತನ. ಪಂಪನನ್ನು ಸಾಕಿದ ಅರಿಕೇಸರಿಯ ಮನೆತನವೂ ಅದೇ. ವೇಮುಲವಾಡ ನಮ್ಮಿಂದ ಸುಮಾರು 150 ಕಿಲೋಮೀಟರ್. ಶನಿವಾರ ಹೋಗಿ ಭಾನುವಾರ ಬರಬಹುದಾದ ಊರು.

ಈಗ ಮೂಲ ಪ್ರಶ್ನೆ. ಕೊಲ್ಲದ ಕೊಲೆಗೆ ಇಷ್ಟು ಶಿಕ್ಷೆ ಯಾಕೆ? ಕಾವ್ಯದ ಉತ್ತರ ಸ್ಪಷ್ಟ: ಸಂಕಲ್ಪ. ಕೈಯಲ್ಲಿ ಹಿಟ್ಟಿದ್ದರೂ ಮನಸ್ಸಿನಲ್ಲಿ ಕೋಳಿಯಿತ್ತು. ಜೈನರು ಗೃಹಸ್ಥರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಬೇಕೆಂದೇ ಮಾಡುವುದು ಸಂಕಲ್ಪೀ. ಅಡುಗೆ, ಗುಡಿಸುವುದು, ಸಾರಿಸುವುದರಲ್ಲಿ ಆಗಿಹೋಗುವುದು ಆರಂಭೀ. ತನ್ನನ್ನೂ ನಾಡನ್ನೂ ಕಾಯಲು ಮಾಡುವುದು ವಿರೋಧೀ. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗೀ. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು. ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಸಂಸಾರ ಬಲ್ಲವರು ಮಾಡಿದ ವಿಂಗಡಣೆ ಇದು.

ನನ್ನನ್ನು ಕಾಡುವುದು ಈ ನಾಲ್ಕನೆಯದು. ನಾವೆಲ್ಲ ಈ ಊರಿಗೆ ಬಂದದ್ದೇ ಉದ್ಯೋಗಕ್ಕೆ.

ಕೋಳಿಯನ್ನೇ ನೋಡಿ. ದೇಶದ ಕೋಳಿ ಉದ್ಯಮದ ದೊಡ್ಡ ಹೆಸರಾದ ವೆಂಕಟೇಶ್ವರ ಹ್ಯಾಚರೀಸ್ 1971ರಲ್ಲಿ ಶುರುವಾದದ್ದು ಹೈದರಾಬಾದಿನಲ್ಲಿ. ಕೋಳಿ ಸಂಶೋಧನೆಯ ರಾಷ್ಟ್ರೀಯ ನಿರ್ದೇಶನಾಲಯ ಇರುವುದು ಇಲ್ಲಿನ ರಾಜೇಂದ್ರನಗರದಲ್ಲಿ. ಊರ ಹೊರಗಿನ ಉದ್ದುದ್ದ ಶೆಡ್ಡುಗಳ ಪಂಜರದಲ್ಲಿ ಒಂದು ಮೊಟ್ಟೆಕೋಳಿಗೆ ಸಾಮಾನ್ಯವಾಗಿ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ಮೊಟ್ಟೆ ತಳಿಯ ಗಂಡುಮರಿಗೆ ಬೆಲೆಯಿಲ್ಲ. ಹುಟ್ಟಿದ ದಿನವೇ ಅದರ ಕತೆ ಮುಗಿಯುತ್ತದೆ. ಮಾಂಸದ ಕೋಳಿಗೆ ಆರು ವಾರ ಆಯಸ್ಸು. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಈ ಕೋಳಿಗಳ ಸಾಕಣೆ-ಸಾಗಣೆಗೆಂದೇ ಬರೆಯಿತು. ಪಂಜರ ಉಳಿದಿದೆ. ಇಲ್ಲಿ ಕೊಲ್ಲುವ ಸಂಕಲ್ಪ ಯಾರದು? ಶೆಡ್ಡಿನವನಿಗೆ ಬ್ಯಾಂಕಿನ ಸಾಲ, ಕಂಪನಿಗೆ ಮಾರುಕಟ್ಟೆ, ನಮಗೆ ಮೊಬೈಲಿನಲ್ಲಿ ಒತ್ತಿದರೆ ಅರ್ಧ ಗಂಟೆಯಲ್ಲಿ ಬರುವ ಬಿರಿಯಾನಿ. ಯಾರ ಮನಸ್ಸಿನಲ್ಲೂ ಕೋಳಿಯಿಲ್ಲ.

ಯುದ್ಧದ ಕತೆಯೂ ಹೀಗೇ ತಿರುಗಿದೆ. ಕಾಂಚನ್‌ಬಾಗ್‌ನಲ್ಲಿ ಡಿಆರ್‌ಡಿಒ ಪ್ರಯೋಗಾಲಯಗಳಿವೆ, 1970ರಲ್ಲಿ ಹುಟ್ಟಿದ ಭಾರತ್ ಡೈನಮಿಕ್ಸ್ ಇದೆ. ಅಲ್ಲಿಂದ ಬಂದ ಆಕಾಶ್ ಕ್ಷಿಪಣಿ ನಮ್ಮ ಮೇಲೆ ಬೀಳಲು ಬರುವುದನ್ನು ಆಕಾಶದಲ್ಲೇ ತಡೆಯುವಂಥದ್ದು. ಅದನ್ನು ವಿರೋಧೀ ಹಿಂಸೆ ಎಂದು ಒಪ್ಪಲು ನನಗೆ ಅಡ್ಡಿಯಿಲ್ಲ. ಆದರೆ 2018ರ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ಅದಾನಿ ಮತ್ತು ಇಸ್ರೇಲಿನ ಎಲ್ಬಿಟ್ ಕಂಪನಿಗಳ ಜಂಟಿ ಡ್ರೋನ್ ಕಾರ್ಖಾನೆ ಉದ್ಘಾಟನೆಯಾಯಿತು. ಹರ್ಮೀಸ್ 900 ಡ್ರೋನನ್ನು ಇಸ್ರೇಲಿನ ಹೊರಗೆ ತಯಾರಿಸುವ ಮೊದಲ ಜಾಗ ಇದು. ಇಲ್ಲಿಂದ ನಮ್ಮ ನೌಕಾಪಡೆಗೂ ಡ್ರೋನು ಹೋಗಿದೆ. ಗಾಜಾದ ಮೇಲೆ ಬಾಂಬು ಬೀಳುತ್ತಿದ್ದ 2024ರ ಫೆಬ್ರವರಿಯಲ್ಲಿ ಇಲ್ಲಿ ತಯಾರಾದವು ಇಸ್ರೇಲಿಗೂ ಹೋದವೆಂದು ಸುದ್ದಿ ಬಂತು. ಗಾಜಾದವರು ನಮ್ಮ ಗಡಿಗೆ ಬಂದವರಲ್ಲ. ಹೀಗೆ ಮಾರಿದ್ದನ್ನು ವಿರೋಧೀ ಹಿಂಸೆಯ ಲೆಕ್ಕಕ್ಕೆ ಬರೆಯಲು ಆಗದು, ಅದು ಉದ್ಯೋಗೀ. ಅಡುಗೆಮನೆಯ ಕೋಳಿ ಆರಂಭೀಯಿಂದ, ಗಡಿಯ ಯುದ್ಧ ವಿರೋಧೀಯಿಂದ ಜಾರಿ ಒಂದೇ ಖಾತೆಗೆ ಬಂದು ಬಿದ್ದಿವೆ. ಆ ಖಾತೆಯಲ್ಲಿ ನಮ್ಮ ಸಂಬಳವೂ ಇದೆ.

ಹಾಗಾದರೆ ಜನ್ನನ ಅಳತೆಗೋಲು ಇಲ್ಲಿ ಸೋಲುತ್ತದೆಯೇ? ಅವನು ತೂಗಿದ್ದು ಕೊಲೆಯಿಲ್ಲದ ಸಂಕಲ್ಪವನ್ನು. ನಮ್ಮ ಮುಂದಿರುವುದು ಸಂಕಲ್ಪವಿಲ್ಲದ ಕೊಲೆ. ಬರೀ ತತ್ತ್ವವನ್ನು ಹಿಡಿದು ಓದಿದರೆ ಸೋಲುತ್ತದೆ. ಕಾವ್ಯವಾಗಿ ಓದಿದರೆ ಬೇರೆಯೇ ಒಂದು ಎಳೆ ಕೈಗೆ ಸಿಗುತ್ತದೆ. ಆ ಎಳೆ ದನಿ.

ಅಮೃತಮತಿ ಸೋತದ್ದು ಕತ್ತಲಲ್ಲಿ ಕೇಳಿದ ಹಾಡಿಗೆ. ಹಿಟ್ಟಿನ ಬಲಿ ಪಾಪವೆಂದು ಯಶೋಧರನಿಗೆ ತಿಳಿದದ್ದು ಕೋಳಿಯ ಕೂಗಿನಿಂದ. ಕೊನೆಯ ಪ್ರಾಣಿಜನ್ಮದಲ್ಲಿ ತಾಯಿ-ಮಗ ಕೋಳಿಗಳೇ ಆಗಿ, ಮುನಿಯ ಮಾತು ಕೇಳಿ ಸಂತೋಷಕ್ಕೆ ಕೂಗುತ್ತಾರೆ. ಆ ಕೂಗನ್ನು ಕೇಳಿ ಬಾಣ ಬಿಡುವವನು ಯಶೋಧರನ ಮಗ ಯಶೋಮತಿ. ಅವನಿಗೆ ಕೋಳಿಗಳ ಮೇಲೆ ಸಿಟ್ಟಿಲ್ಲ, ಹಸಿವೂ ಇಲ್ಲ. ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸಬೇಕಿತ್ತು, ಅಷ್ಟೇ. ಕಾಣದ ಗುರಿ, ದೂರದ ಬಾಣ, ಕೈಚಳಕದ ಹೆಮ್ಮೆ. ಡ್ರೋನಿನ ಪರದೆಯ ಮುಂದೆ ಕೂತವನಿಗೂ, ಗುರಿ ಹುಡುಕುವ ಕೋಡು ಬರೆದು ಶಭಾಸ್ ಅನ್ನಿಸಿಕೊಂಡವನಿಗೂ ಇವನಿಗಿಂತ ಹತ್ತಿರದ ನೆಂಟ ನಮ್ಮ ಹಳೆಗನ್ನಡದಲ್ಲಿ ನನಗೆ ಸಿಕ್ಕಿಲ್ಲ.

ಯಶೋಮತಿ ಬದಲಾಗುವುದು ತಾನು ಹೊಡೆದದ್ದು ಅಪ್ಪನನ್ನು, ಅಜ್ಜಿಯನ್ನು ಎಂದು ತಿಳಿದಾಗ. ಮಾರಿದತ್ತ ನರಬಲಿ ನಿಲ್ಲಿಸುವುದು ಬಲಿಗೆಂದು ತಂದ ಅಭಯರುಚಿಯ ಬಾಯಿಂದಲೇ ಈ ಕತೆಯನ್ನೆಲ್ಲ ಕೇಳಿದಾಗ. ಕೊಲ್ಲುವವನಿಗೆ ಸಾಯುವವರ ದನಿ, ಅವರ ಹಿಂದುಮುಂದು ತಿಳಿಯಬೇಕು ಎಂಬುದೇ ಜನ್ನನ ಕಥನದ ಕಟ್ಟು. ಇಂದಿನ ಶೆಡ್ಡೂ ಕಾರ್ಖಾನೆಯೂ ನಿಂತಿರುವುದು ಆ ದನಿ ಯಾರ ಕಿವಿಗೂ ಬೀಳದಂಥ ವ್ಯವಸ್ಥೆಯ ಮೇಲೆ. ಸಂಕಲ್ಪ ಇಲ್ಲವಾದದ್ದಲ್ಲ, ಚೂರುಚೂರಾಗಿ ಎಲ್ಲರಿಗೂ ಹಂಚಿಹೋಗಿದೆ.

ಇದನ್ನು ಮಾಂಸ ತಿನ್ನುವವರ ಮೇಲಿನ ದೂರೆಂದು ಯಾರೂ ಓದಬಾರದು. ನಾನೂ ತಿನ್ನುವವನೇ. ಅಹಿಂಸೆಯ ಮಾತು ನಮ್ಮಲ್ಲಿ ಎಷ್ಟು ಸಲ ಜಾತಿಯ ಮಡಿಯಾಗಿ ಬಂದಿದೆ ಎಂಬುದೂ ಗೊತ್ತು. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ಅದು ಮುಂದೊಂದು ದಿನ ಅಡುಗೆಯಾಗುವ ಹುಂಜವೇ ಇರಬಹುದು. ಆದರೂ ಅವಳಿಗೆ ಅದು ಲೆಕ್ಕವಲ್ಲ, ತನ್ನದೊಂದು ಜೀವ. ಆ ಕೋಳಿಯ ಕೂಗು ಅವಳಿಗೆ ಗೊತ್ತು. ಪಂಜರದ ಮೊಟ್ಟೆಯನ್ನು 'ಸಸ್ಯಾಹಾರಿ' ಕೇಕಿನಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ನಿಶ್ಚಿಂತನಾಗುವವನಿಗಿಂತ ಸಾಕವ್ವ ಜನ್ನನಿಗೆ ಹತ್ತಿರ.

ಇನ್ನೊಂದು ಮಾತು ಬಂದೇ ಬರುತ್ತದೆ. ಇಎಂಐ ಕಟ್ಟುವವನು, ವೀಸಾಕ್ಕೆ ಕಾಯುವವನು ಕೆಲಸ ಬಿಟ್ಟು ಏನು ಮಾಡಬೇಕು? ಯಶೋಮತಿಯ ಹಾಗೆ ಎಲ್ಲ ಬಿಟ್ಟು ದೀಕ್ಷೆ ತೆಗೆದುಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಜೈನರ ಇನ್ನೊಂದು ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ: ಕೃತ, ಕಾರಿತ, ಅನುಮತ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರಿಗೆ ಸೈ ಎಂದದ್ದು. ಮೊದಲಿನ ಎರಡರಿಂದ ನಮ್ಮಂಥವರು ಜಾಣತನದಿಂದ ನುಣುಚಿಕೊಳ್ಳಬಹುದು. ಮೂರನೆಯದರಿಂದ ಆಗದು, ಯಾಕೆಂದರೆ ಆ ಸೈ ನಮ್ಮ ನಾಲಿಗೆಯ ಮೇಲೇ ಇದೆ. ಹೊಸ ಪ್ರಾಜೆಕ್ಟಿನ ಮೀಟಿಂಗಿನಲ್ಲಿ 'ಇದು ಕೊನೆಗೆ ಯಾರಿಗೆ ತಲುಪುತ್ತದೆ, ಯಾರ ಮೇಲೆ ಬಳಕೆಯಾಗುತ್ತದೆ' ಎಂದು ಬಾಯಿಬಿಟ್ಟು ಕೇಳುವುದಕ್ಕೆ ದೀಕ್ಷೆ ಬೇಕಿಲ್ಲ. ಬಡ್ತಿ ತಪ್ಪಬಹುದು. ಒಮ್ಮೊಮ್ಮೆ ಉತ್ತರವೂ ಸಿಗಬಹುದು, ಮತ್ತು ಆ ಉತ್ತರ ಸಿಕ್ಕ ಮೇಲೆ ಮಾಡುವ ಕೆಲಸ ಸಂಕಲ್ಪವಿಲ್ಲದ್ದು ಎಂದು ಹೇಳಿಕೊಳ್ಳುವ ಅವಕಾಶ ನಮಗೆ ಉಳಿಯುವುದಿಲ್ಲ.