ದೊಡ್ಡಕರುಳಿನ ಕ್ಯಾನ್ಸರ್ ನಿವಾರಣೆಯಲ್ಲಿ ಗಣಕಯಂತ್ರ: ಒಂದು ಪ್ರಮಾಣವಿಮರ್ಶೆ

ಗಣಕಯಂತ್ರದ ನೆರವಿನಿಂದ ನಡೆಸುವ ಕೊಲೊನೋಸ್ಕೋಪಿಯು ದೊಡ್ಡಕರುಳಿನ ಕ್ಯಾನ್ಸರನ್ನು ತಡೆಯುವುದೆಂಬ ಮಾತು ಈಚಿನ ವೈದ್ಯಕ ಬರಹಗಳಲ್ಲಿ ಬಹಳವಾಗಿ ಕಾಣಬರುತ್ತಿದೆ. ನಾವು ವೈದ್ಯರಲ್ಲ. ಆದರೆ ಒಂದು ಹೇಳಿಕೆಗೆ ಆಧಾರವೇನು, ಆ ಆಧಾರವು ಹೇಳಿಕೆಯ ಭಾರವನ್ನು ಹೊರಬಲ್ಲುದೆ ಎಂದು ನೋಡುವುದು ಇತಿಹಾಸಶಾಸ್ತ್ರದ ಕೆಲಸವೂ ಹೌದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಜನರನ್ನು ಮುಂದಿಟ್ಟುಕೊಂಡು ಆ ಪರೀಕ್ಷೆಯನ್ನು ಇಲ್ಲಿ ಮಾಡಿದ್ದೇವೆ.

ಮೂಲತತ್ತ್ವದಲ್ಲಿ ವಿವಾದವಿಲ್ಲ. ಈ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಕರುಳಿನ ಒಳಗೋಡೆಯಲ್ಲಿ ಮೊಳೆಯುವ ಅಡೆನೋಮವೆಂಬ ಸಣ್ಣ ಗಂಟುಗಳಿಂದ ಹಲವು ವರ್ಷಗಳಲ್ಲಿ ಬೆಳೆಯತಕ್ಕವು. ಕ್ಯಾಮೆರಾ ಉಳ್ಳ ಬಳುಕುವ ನಳಿಕೆಯನ್ನು ಒಳಗೆ ಸೇರಿಸಿ, ಗಂಟನ್ನು ಕಂಡು, ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆದರೆ ರೋಗಕ್ಕೆ ಬೇರೇ ಇಲ್ಲದಂತಾಗುತ್ತದೆ. ೧೯೬೯ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಈ ವಿಧಾನವನ್ನು ರೂಢಿಗೆ ತಂದರು. ಕಷ್ಟವಿರುವುದು ಕಣ್ಣಿಗೆ ಬೀಳದೆ ಉಳಿಯುವ ಗಂಟುಗಳಲ್ಲಿ. ಯಂತ್ರವು ನೆರವಾಗುವುದು ಇಲ್ಲಿಯೇ. ಪರದೆಯ ಮೇಲೆ ಸಂದೇಹಾಸ್ಪದವಾದ ತಾಣಕ್ಕೆ ಅದು ಆ ಕ್ಷಣವೇ ಚೌಕಟ್ಟು ಹಾಕಿ ತೋರಿಸುತ್ತದೆ.

೨೦೧೯ರಲ್ಲಿ ಪ್ರಕಟವಾದ ಚೀನದ ಅಧ್ಯಯನವೊಂದರಲ್ಲಿ ೧,೦೫೮ ಜನರನ್ನು ಪರೀಕ್ಷಿಸಲಾಯಿತು. ಯಂತ್ರದ ನೆರವಿದ್ದಾಗ ಶೇಕಡ ೨೯.೧ ಮಂದಿಯಲ್ಲಿ ಅಡೆನೋಮ ದೊರೆಯಿತು. ನೆರವಿಲ್ಲದಾಗ ಶೇಕಡ ೨೦.೩. ಈ ಅಂತರ ಅಲ್ಪವಲ್ಲ. ಹೆಚ್ಚು ಅಡೆನೋಮ ಕಾಣುವ ವೈದ್ಯರ ರೋಗಿಗಳಿಗೆ ಮುಂದೆ ಕ್ಯಾನ್ಸರ್ ಬರುವುದು ಕಡಮೆಯೆಂದು ೨೦೧೪ರ ಅಮೆರಿಕದ ಅಧ್ಯಯನವೊಂದು ತೋರಿಸಿದೆಯಾದುದರಿಂದ ಈ ಎಣಿಕೆಯನ್ನು ನಿರರ್ಥಕವೆಂದು ತಳ್ಳಿಹಾಕುವಂತಿಲ್ಲ. ಆದರೆ ಚೀನದ ಅಧ್ಯಯನದಲ್ಲಿ ಹೆಚ್ಚಾಗಿ ದೊರೆತವು ಅತಿ ಚಿಕ್ಕ ಗಂಟುಗಳು. ದೊಡ್ಡವುಗಳ ಎಣಿಕೆಯಲ್ಲಿ ಗಣ್ಯವಾದ ಭೇದವಿರಲಿಲ್ಲ. ಎಣಿಸಿದ್ದು ಗಂಟುಗಳನ್ನು, ಹೇಳಿದ್ದು ನಿವಾರಣೆಯನ್ನು. ನಮ್ಮ ಮುಖ್ಯ ಆಕ್ಷೇಪ ಇದೇ. ೧೯೦೫ರ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬಿ. ಎಲ್. ರೈಸ್ ಅವರು ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನೂ ಕೊಟ್ಟಿದ್ದಾರೆ. ಅಕ್ಷರ ಸವೆದ ತುಂಡುಗಲ್ಲುಗಳನ್ನೆಲ್ಲ ಅದಕ್ಕೆ ಸೇರಿಸುತ್ತ ಹೋದರೆ ಸಂಖ್ಯೆ ಏರುವುದು ನಿಶ್ಚಯ. ಅಷ್ಟೇ ಪ್ರಮಾಣದಲ್ಲಿ ಚರಿತ್ರೆಯ ತಿಳಿವೂ ಏರಿತೆಂದು ಯಾವ ಶಾಸನತಜ್ಞರೂ ಹೇಳಲಾರರು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಯಂತ್ರವು ಬಳಕೆಗೆ ಬಂದ ಮೇಲೆ, ಯಂತ್ರವಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಅಡೆನೋಮ ದೊರೆಯುವ ಪ್ರಮಾಣವು ಶೇಕಡ ೨೮.೪ರಿಂದ ೨೨.೪ಕ್ಕೆ ಇಳಿಯಿತೆಂದು ೨೦೨೫ರಲ್ಲಿ ವರದಿಯಾಯಿತು. ಒಂದೇ ಅಧ್ಯಯನದಿಂದ ಸಿದ್ಧಾಂತ ಕಟ್ಟಲಾಗದು. ಆದರೂ ಯಂತ್ರವೂ ವಿದ್ಯುತ್ತೂ ಸದಾ ಕೈಗೆಟುಕದ ಕಡೆಗಳಲ್ಲಿ ಇದು ಉಪೇಕ್ಷಿಸತಕ್ಕ ಮಾತಲ್ಲ.

ಪೋಲೆಂಡ್, ನಾರ್ವೆ, ಸ್ವೀಡನ್‌ಗಳ ಜನರನ್ನು ಕುರಿತ ೨೦೨೨ರ ದೊಡ್ಡ ಅಧ್ಯಯನವು ಇನ್ನೂ ಹೆಚ್ಚು ಬೋಧಪ್ರದವಾಗಿದೆ. ಅಲ್ಲಿ ಕೊಲೊನೋಸ್ಕೋಪಿಗೆ ಕರೆಬಂದವರಲ್ಲಿ ಶೇಕಡ ೪೨ ಮಂದಿ ಮಾತ್ರ ಹೋದರು. ಕರೆಬಂದ ಗುಂಪಿನಲ್ಲಿ ಹತ್ತು ವರ್ಷದ ಕ್ಯಾನ್ಸರ್ ಸಂಭವವು ಕರೆಬಾರದವರಿಗಿಂತ ಶೇಕಡ ೧೮ರಷ್ಟು ಕಡಮೆಯಾಯಿತು. ಅನುಕೂಲವುಳ್ಳ ದೇಶಗಳಲ್ಲಿಯೇ ಹೀಗಿರುವಲ್ಲಿ, ನಮ್ಮ ನಾಲ್ಕು ತಾಲ್ಲೂಕುಗಳ ಮಾತೇನು? ೨೦೧೧ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ೯,೯೦,೯೨೩. ದೇಶದ ತಪಾಸಣಾ ಕಾರ್ಯಕ್ರಮವು ಆರಿಸಿಕೊಂಡದ್ದು ಬಾಯಿ, ಸ್ತನ, ಗರ್ಭಕೊರಳುಗಳ ಕ್ಯಾನ್ಸರುಗಳನ್ನು. ದೊಡ್ಡಕರುಳಿನದು ಅದರಲ್ಲಿ ಸೇರಿಲ್ಲ. ಪಾಶ್ಚಾತ್ಯ ದೇಶಗಳಿಗಿಂತ ಇಲ್ಲಿ ಈ ರೋಗ ವಿರಳವೆಂಬುದು ಅದಕ್ಕೆ ಸಮಂಜಸವಾದ ಕಾರಣವೇ ಸರಿ. ಆದರೆ ಆ ವಿರಳತೆಯನ್ನು ಅಳೆದವರು ಯಾರು? ಕಿದ್ವಾಯಿ ಸಂಸ್ಥೆಯಲ್ಲಿ ೧೯೮೨ರಿಂದ ನಡೆದುಬಂದ ಜನಾಧಾರಿತ ಕ್ಯಾನ್ಸರ್ ನೋಂದಣಿಯು ಬೆಂಗಳೂರು ನಗರಪ್ರದೇಶಕ್ಕಾಗಿ ಹುಟ್ಟಿದುದು. ಹಳ್ಳಿಯ ರೋಗಿ ನಗರದ ಆಸ್ಪತ್ರೆಗೆ ಬಂದರೂ ಅವನ ಊರು ಆ ಲೆಕ್ಕಕ್ಕೆ ಹೊರಗು.

ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರನಿಗೆ ಮಲದಲ್ಲಿ ರಕ್ತ ಕಂಡರೆ ಅವನು ಅದನ್ನು ಮೂಲವ್ಯಾಧಿಯೆಂದೇ ತಿಳಿಯುವುದು ಸಹಜ. ಮೂಲವ್ಯಾಧಿಗೆ ಔಷಧಿ ಕೊಡುವ ಫಲಕಗಳು ಬಸ್‌ನಿಲ್ದಾಣದ ಸುತ್ತ ಎಷ್ಟು ಬೇಕಾದರೂ ಸಿಗುತ್ತವೆ. ಕೊಲೊನೋಸ್ಕೋಪಿಗಾದರೋ ಹಿಂದಿನ ದಿನವೇ ಭೇದಿಯ ದ್ರವ ಕುಡಿದು ಕರುಳನ್ನು ಬರಿದು ಮಾಡಬೇಕು. ಮರುದಿನ ಜೊತೆಗೊಬ್ಬರು ಬೇಕು. ಇಬ್ಬರ ಕೂಲಿಯೂ ಹೋಯಿತು. ಯಂತ್ರದ ಕಣ್ಣು ಎಷ್ಟೇ ಸೂಕ್ಷ್ಮವಾಗಲಿ, ಮಂಚದವರೆಗೆ ಬಾರದವನ ಕರುಳನ್ನು ಅದು ನೋಡಲಾರದು.

ಆದುದರಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ಬೇಕಾದದ್ದು ಮಲದಲ್ಲಿನ ಗುಪ್ತರಕ್ತವನ್ನು ತೋರುವ ಸುಲಭವೆಚ್ಚದ ಪರೀಕ್ಷೆ, ಅದರಲ್ಲಿ ರಕ್ತ ಕಂಡವರಿಗೆ ನಗರದಲ್ಲಿ ದಿನ ಗೊತ್ತುಮಾಡಿ ಕಳಿಸುವ ಏರ್ಪಾಡು, ಮತ್ತು ಹೋದವರೆಷ್ಟು, ಹೋಗದವರೆಷ್ಟು ಎಂದು ಬರೆದಿಡುವ ಒಂದು ಪುಸ್ತಕ ಎಂಬುದು ನಮ್ಮ ಅಭಿಪ್ರಾಯ. ಯಂತ್ರ ಬೇಕೆ ಬೇಡವೆ ಎಂಬ ಚರ್ಚೆಯನ್ನು ಆ ಪುಸ್ತಕದಲ್ಲಿ ಕೆಲವು ವರ್ಷಗಳ ಲೆಕ್ಕ ಸೇರಿದ ಮೇಲೆ ಎತ್ತಿಕೊಳ್ಳಬಹುದು.