ತೌರಿನ ಮಂಚದ ದಾಳಿಂಬೆ

ಬಾವಲಿಯೆಂದರೆ ನಮ್ಮಲ್ಲಿ ಅಪಶಕುನ. ಮನೆಯೊಳಗೆ ಹೊಕ್ಕರೆ ನಮ್ಮಜ್ಜಿ ಪೊರಕೆ ಹಿಡಿದು ಏಳುತ್ತಿದ್ದಳು. ಚೀನೀ ಬಡಗಿಯಾದರೋ ಅದನ್ನೇ ಕುರ್ಚಿಯ ಬೆನ್ನಿಗೆ, ಬೀರುವಿನ ಬಾಗಿಲಿಗೆ ಅಕ್ಕರೆಯಿಂದ ಕೆತ್ತಿದ್ದಾನೆ. ಕಾರಣ ಪುರಾಣವಲ್ಲ, ಶ್ಲೇಷೆ. ಅವರ ಮಾತಿನಲ್ಲಿ ಬಾವಲಿಯೂ 'ಫೂ', ಭಾಗ್ಯವೂ 'ಫೂ'. ಐದು ಬಾವಲಿ ಕೂಡಿದರೆ ಐದು ಭಾಗ್ಯ: ಆಯುಷ್ಯ, ಐಶ್ವರ್ಯ, ಆರೋಗ್ಯ, ಸದ್ಗುಣದಲ್ಲಿ ಪ್ರೀತಿ, ಕೊನೆಗೆ ಸುಖದ ಸಾವು. ತಲೆಕೆಳಗಾಗಿ ಕೆತ್ತಿದರೆ ಇನ್ನೂ ಸೊಗಸು. 'ತಲೆಕೆಳಗು' ಎಂಬುದೂ 'ಬಂತು' ಎಂಬುದೂ ಕಿವಿಗೆ ಒಂದೇ, ಭಾಗ್ಯ ಬಂತು! ಮೀನು ಸಮೃದ್ಧಿ, ಹೂದಾನಿ ಶಾಂತಿ, ಎಲ್ಲವೂ ಇದೇ ಮಾತಿನಾಟ. ಚಿತ್ರಪುಸ್ತಕಗಳು 'ಬಾವಲಿ ಸುಖದ ಸಂಕೇತ' ಎಂದಷ್ಟೇ ಬರೆದು ಮುಗಿಸುವುದು ನನಗೆ ಸರಿಕಾಣದು. ಉತ್ತರ ಹೇಳಿ ಒಗಟನ್ನೇ ಮುಚ್ಚಿಟ್ಟ ಹಾಗೆ.

ಬಲ್ಲವರು ಅತಿ ಕೆತ್ತನೆಯನ್ನು ಮೆಚ್ಚುವುದಿಲ್ಲ. ಈ ವಿಷಯದಲ್ಲಿ ದೊಡ್ಡ ಹೆಸರಾದ ವಾಂಗ್ ಶಿಶಿಯಾಂಗ್ (1914-2009) ಅವರು ಮಿಂಗ್ ಕಾಲದ (1368-1644) ಮರಸಾಮಾನಿನ 16 ಗುಣ, 8 ರೋಗಗಳನ್ನು ಪಟ್ಟಿ ಮಾಡಿದರು. ಅತಿ ಕುಸುರಿ ಒಂದು ರೋಗ. (ನಾವು ಮೇಷ್ಟರುಗಳು ಅಂಕ ಕಳೆಯುವ ರೀತಿಯೇ!) ಮಿಂಗ್ ಕುರ್ಚಿಗೆ ಮರದ ಗೆರೆಗಳೇ ಒಡವೆ, ಕೂಡುವ ಕಡೆ ಮೊಳೆಯಿಲ್ಲ, ತೂತಿಗೆ ಹಲ್ಲು ಸೇರಿಸಿದ್ದು. ಮುಂದೆ ಚಿಂಗ್ ಅರಸರ ಕಾಲಕ್ಕೆ ಅಂಗುಲ ಜಾಗ ಬಿಡದ ಕೆತ್ತನೆ ಬಂತು. ಅರಮನೆಗೆ ಬೇಕಾದ ಆ ಕರಿಗೆಂಪು ಮರ ನಮ್ಮ ನೆರೆಯ ಆಂಧ್ರದ ಬೆಟ್ಟಗಳ ರಕ್ತಚಂದನದ ಜಾತಿಯೇ ಎನ್ನುತ್ತಾರೆ. ಕಣ್ಣಿಗೆ ನನಗೂ ಮಿಂಗ್ ಕುರ್ಚಿಯೇ ಹಿತ. ಆದರೆ ಅದು ಪಂಡಿತರ ಓದುಕೋಣೆಯದು. ಹೆಂಗಸಿನ ಪಾಲಿಗೆ ಬಂದದ್ದು ಮಂಚ.

ಝೆಜಿಯಾಂಗ್ ಪ್ರಾಂತ್ಯದ ಮದುವೆ ಮಂಚಗಳ ಚಿತ್ರ ನೋಡಬೇಕು. ಮಂಚವಲ್ಲ, ಪುಟ್ಟ ಮನೆ: ಮೇಲೆ ಮಾಡು, ಸುತ್ತ ಕಟಕಟೆ, ಮುಂದೆ ಪಡಸಾಲೆಯಷ್ಟು ಜಾಗ. ಕೆಂಪು ಅರಗು, ಚಿನ್ನದ ರೇಕು. ಸಾವಿರ ದಿನದ ಕೆಲಸವೆಂದೇ ಅದಕ್ಕೆ ಹೆಸರು. ಬಿರಿದ ದಾಳಿಂಬೆಯಿದೆ; ಬೀಜಕ್ಕೂ ಮಗನಿಗೂ ಅಲ್ಲಿ ಒಂದೇ ಶಬ್ದ. ಕಿಲಿನ್ ಎಂಬ ಕಲ್ಪನೆಯ ಮೃಗವನ್ನೇರಿ ಬರುವ ಗಂಡುಕೂಸಿದೆ. ಇಂಥ ಮಂಚವನ್ನು ಬಳುವಳಿಯಾಗಿ ಕಳಿಸುತ್ತಿದ್ದವರು ಹೆಣ್ಣಿನ ತೌರಿನವರು. ಮಗಳನ್ನು ಕೊಟ್ಟು, ಮಗನೇ ಹುಟ್ಟಲೆಂಬ ಅಪ್ಪಣೆಯನ್ನೂ ಕೆತ್ತಿಸಿ ಕೊಟ್ಟರು.

ಕೆತ್ತಿದ ಕೈ ದೊಡ್ಡದು, ಅನುಮಾನವಿಲ್ಲ. ನನ್ನ ತಕರಾರು ಇದನ್ನು 'ಸಂತಾನಭಾಗ್ಯ' ಎಂದು ಮೆತ್ತಗೆ ವಿವರಿಸುವವರ ಮೇಲೆ. ಸಂತಾನವಲ್ಲ, ಗಂಡು. ಐದು ಭಾಗ್ಯಗಳ ಹಳೆಯ ಪಟ್ಟಿಯಲ್ಲಿ ಗಂಡುಮಕ್ಕಳ ಮಾತೇ ಇಲ್ಲವೆಂಬುದನ್ನು ಇವರಲ್ಲಿ ಯಾರೂ ನೆನೆಯುವುದಿಲ್ಲ. ಹೆಣ್ಣು ಹೆತ್ತು ಮಲಗಿದವಳು ಕಣ್ಣು ತೆರೆದರೆ ತಲೆಯ ಮೇಲೆ ಅದೇ ದಾಳಿಂಬೆ.

ನಾವು ನಾಲ್ವರೂ ಹೆಣ್ಣುಮಕ್ಕಳು. ಅಮ್ಮನ ತೌರಿನ ಮಂಚ ಬೋಳು ಹಲಗೆಯದು, ಕೆತ್ತನೆಯಿರಲಿಲ್ಲ. ಹೇಳುವವರು ಮನೆಯಲ್ಲೇ ಇದ್ದರು.