ಬೈಲುಕುಪ್ಪೆಯಿಂದ ಓದಿದ ಎರಡು ಆತ್ಮಕಥೆಗಳು

ದಲೈ ಲಾಮಾ ಅವರ ಎರಡು ಆತ್ಮಕಥೆಗಳನ್ನು ಎದುರುಬದುರು ಇಟ್ಟುಕೊಂಡು ಓದಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು. ಮೊದಲನೆಯದು ೧೯೬೨ರಲ್ಲಿ ಹೊರಬಂದ ‘ಮೈ ಲ್ಯಾಂಡ್ ಅಂಡ್ ಮೈ ಪೀಪಲ್’. ಎರಡನೆಯದು ೧೯೯೦ರ ‘ಫ್ರೀಡಂ ಇನ್ ಎಕ್ಸೈಲ್’. ಎರಡೂ ಹೊರಲೋಕದ ವಾಚಕರನ್ನು ಉದ್ದೇಶಿಸಿ ಇಂಗ್ಲಿಷಿನಲ್ಲಿ ಪ್ರಕಟವಾದವು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯವರಿಗೆ ಇವು ದೂರದೇಶದ ಗ್ರಂಥಗಳೇನೂ ಅಲ್ಲ. ಇವು ಹೇಳುವ ಕಥೆಯ ಉತ್ತರಾರ್ಧ ನಡೆದದ್ದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ. ಮುಂದೆ ೧೯೭೨ರಿಂದ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ನಡೆಯಿತು. ಬೈಲುಕುಪ್ಪೆಯ ಮುಸುಕಿನ ಜೋಳದ ಹೊಲದ ಬದುವಿನಲ್ಲಿ ಕುಳಿತು ಈ ಪುಸ್ತಕಗಳನ್ನು ಓದಿದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲನೆಯ ಪುಸ್ತಕ ಒಬ್ಬ ರೈತನ ಮನೆಯಲ್ಲಿ ಆರಂಭವಾಗುತ್ತದೆ. ಟಕ್ಸೇರ್ ಎಂಬ ಸಣ್ಣ ಹಳ್ಳಿ. ಅಲ್ಲಿ ಹುಟ್ಟಿದ ಮಗು ಲಾಸಾ ನಗರದ ಪೀಠಕ್ಕೆ ಏರುತ್ತದೆ. ೧೯೫೦ರಲ್ಲಿ ಚೀನದ ಸೇನೆ ಟಿಬೆಟ್ಟನ್ನು ಹೊಗುತ್ತದೆ. ಮರುವರ್ಷ ಮೇ ೨೩ರಂದು ಬೀಜಿಂಗಿನಲ್ಲಿ ಹದಿನೇಳು ಅಂಶಗಳ ಒಪ್ಪಂದಕ್ಕೆ ರುಜು ಬೀಳುತ್ತದೆ. ೧೯೫೯ರ ಮಾರ್ಚ್ ೧೦ರಂದು ಲಾಸಾದ ಜನ ದಂಗೆ ಏಳುತ್ತಾರೆ. ೧೭ರ ರಾತ್ರಿ ಅವರು ಅರಮನೆ ಬಿಟ್ಟು, ೩೧ರಂದು ಭಾರತದ ಗಡಿ ದಾಟುತ್ತಾರೆ. ಈ ಭಾಗವನ್ನು ಬರೆದಿರುವ ರೀತಿ ಮೆಚ್ಚತಕ್ಕದ್ದು. ರೋಷವಿದೆ, ಆದರೆ ಎಲ್ಲಿಯೂ ಬೈಗುಳವಿಲ್ಲ. ಚೀನ ತನ್ನ ಕಾರ್ಯಕ್ಕೆ ‘ಶಾಂತಿಯುತ ವಿಮೋಚನೆ’ ಎಂದು ಹೆಸರಿಟ್ಟಿತಷ್ಟೆ. ಆ ಎರಡು ಪದಗಳ ಎದುರಿಗೆ ಲೇಖಕರು ಒಂದೊಂದೇ ಸಂಗತಿಯನ್ನು ತಂದು ಇಡುತ್ತಾ ಹೋಗುತ್ತಾರೆ. ಆ ಪದಗಳು ತಾವಾಗಿಯೇ ಕುಸಿಯುತ್ತವೆ.

ಈ ಪುಸ್ತಕ ನಮ್ಮನ್ನೂ ಸುಮ್ಮನೆ ಬಿಡುವುದಿಲ್ಲ. ೧೯೫೦ರ ನವೆಂಬರಿನಲ್ಲಿ ಟಿಬೆಟ್ಟಿನ ಮೊರೆ ವಿಶ್ವಸಂಸ್ಥೆಯನ್ನು ಮುಟ್ಟಿದಾಗ ಅದನ್ನು ಕೈಗೆತ್ತಿಕೊಂಡದ್ದು ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ. ಮುಂದೂಡುವುದು ಲೇಸೆಂದವರಲ್ಲಿ ಬ್ರಿಟನ್ನಿನ ಜೊತೆಗೆ ಭಾರತವೂ ಸೇರಿತ್ತು. ೧೯೫೪ರ ಪಂಚಶೀಲ ಒಪ್ಪಂದದಲ್ಲಿ ನಾವು ಟಿಬೆಟ್ಟನ್ನು ‘ಚೀನದ ಟಿಬೆಟ್ ಪ್ರದೇಶ’ ಎಂದೇ ಕರೆದೆವು. ಅದಕ್ಕೆ ನಾವು ಕೊಟ್ಟ ಹೆಸರು ಮೈತ್ರಿ. ಪುಸ್ತಕ ಪ್ರಕಟವಾದ ವರ್ಷವೇ ಚೀನ ನಮ್ಮ ಮೇಲೆ ಯುದ್ಧಕ್ಕೆ ಬಂತು. ಶತ್ರುವಿನ ಶತ್ರುವಿಗಾಗಿ ಮಿಡಿಯುವ ಮನಸ್ಸು ಮನುಷ್ಯನಿಗಾಗಿ ಮಿಡಿಯುತ್ತಿದೆಯೆಂದು ನಂಬುವುದು ಕಷ್ಟ. ೧೯೫೪ರಲ್ಲಿ ಹುಟ್ಟದ ಮರುಕ ೧೯೬೨ರಲ್ಲಿ ಹುಟ್ಟಿದ್ದಾದರೆ ಅದರಲ್ಲಿ ಟಿಬೆಟ್ಟಿನ ಪಾಲು ಎಷ್ಟು ಎಂದು ಕೇಳಲೇಬೇಕಾಗುತ್ತದೆ.

ಇಷ್ಟಾದರೂ ಮೊದಲನೆಯದು ಮುಖ್ಯವಾಗಿ ಒಂದು ರಾಜ್ಯದ ಅಹವಾಲು. ಒಪ್ಪಂದ, ಮನವಿ, ನ್ಯಾಯಶಾಸ್ತ್ರಜ್ಞರ ಅಂತರರಾಷ್ಟ್ರೀಯ ಆಯೋಗದ ವರದಿ — ಇವೇ ಅದರ ಬಲ. ದಲೈ ಲಾಮಾ ಅವರ ಹಿಂದೆ ಗಡಿ ದಾಟಿ ಬಂದವರು ಸುಮಾರು ೮೦,೦೦೦ ಜನ. ಹಿಮಾಲಯದ ತಪ್ಪಲಿನಲ್ಲಿ ರಸ್ತೆಗೆ ಕಲ್ಲು ಒಡೆಯುತ್ತಿದ್ದ ಈ ಜನ ಅಲ್ಲಿ ಒಂದು ಮೊತ್ತವಾಗಿ ಕಾಣುತ್ತಾರೆ. ಮುಖಗಳಾಗಿ ಕಾಣುವುದು ಅಪರೂಪ.

ಆ ಮುಖಗಳು ತೋರತೊಡಗುವುದು ಎರಡನೆಯ ಪುಸ್ತಕದಲ್ಲಿ. ಅದರಲ್ಲೂ ಬೈಲುಕುಪ್ಪೆಯ ಪ್ರಸಂಗದಲ್ಲಿ. ನೆಹರೂ ಅವರ ಕೋರಿಕೆಗೆ ಓಗೊಟ್ಟು ಅಂದಿನ ಮೈಸೂರು ರಾಜ್ಯ ಸುಮಾರು ೩,೦೦೦ ಎಕರೆ ಕಾಡುಭೂಮಿಯನ್ನು ಕೊಟ್ಟಿತು. ಇದಕ್ಕಾಗಿ ದಲೈ ಲಾಮಾ ಅವರು ಎಸ್. ನಿಜಲಿಂಗಪ್ಪನವರನ್ನು ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ೧೯೬೦ರ ಕೊನೆಗೆ ಮೊದಲ ತಂಡ ಬಂತು. ಚಳಿನಾಡಿನ ಜನ, ಇಲ್ಲಿ ಬಿಸಿಲು, ಡೇರೆಯ ವಾಸ, ಆನೆಗಳ ಕಾಟ. ಕಾಡು ಕಡಿದು, ಸುಟ್ಟು ಹೊಲ ಮಾಡಬೇಕಾಗಿತ್ತು. ಇಲ್ಲಿ ಲೇಖಕರು ಒಂದು ಸಂಗತಿಯನ್ನು ಹೇಳುತ್ತಾರೆ. ಬೆಂಕಿಯಲ್ಲಿ ಲೆಕ್ಕವಿಲ್ಲದಷ್ಟು ಹುಳುಹುಪ್ಪಟೆ ಸಾಯುವುದನ್ನು ಕಂಡು ಕೆಲವರು ಈ ಕೆಲಸವನ್ನೇ ನಿಲ್ಲಿಸಿಬಿಡೋಣವೆಂದು ಅವರ ಬಳಿ ಬಂದು ಕೇಳಿಕೊಂಡರಂತೆ. ದೇಶ ಹೋಗಿದೆ, ಮನೆ ಹೋಗಿದೆ, ಬಂಧುಗಳ ಸುದ್ದಿಯಿಲ್ಲ. ಹೊಟ್ಟೆಗಾಗಿ ಮಾಡಲೇಬೇಕಾದ ಕೆಲಸ ಈಗ ಧರ್ಮವನ್ನೂ ಕೇಳುತ್ತಿದೆ. ಒಂದು ರಾಷ್ಟ್ರದ ದಂಡಯಾತ್ರೆಯ ಬೆಲೆಯನ್ನು ಸಾವಿರಾರು ಮೈಲಿಗಳಾಚೆ ಪಿರಿಯಾಪಟ್ಟಣದ ಕಾಡಿನಲ್ಲಿ ಒಬ್ಬ ರೈತ ಹೀಗೆ ತೆರುತ್ತಾನೆ. ಯಾವ ಆಯೋಗದ ವರದಿಯಲ್ಲಿಯೂ ಈ ನಷ್ಟಕ್ಕೆ ಕಲಮು ಇರುವುದಿಲ್ಲ. ಎರಡೂ ಗ್ರಂಥಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿದ್ದು ಈ ಚಿಕ್ಕ ಪ್ರಸಂಗವೇ.

ಎರಡನೆಯ ಪುಸ್ತಕದ ಇನ್ನೊಂದು ಗುಣ ಅದರ ನಿರ್ದಾಕ್ಷಿಣ್ಯ. ಅಮೆರಿಕದ ಗುಪ್ತಚರ ಸಂಸ್ಥೆ ಟಿಬೆಟ್ಟಿನ ಗೆರಿಲ್ಲಾಗಳಿಗೆ ತರಬೇತಿ ಮತ್ತು ಆಯುಧ ಕೊಟ್ಟ ವಿಷಯ ಮೊದಲನೆಯದರಲ್ಲಿ ಬಂದಿಲ್ಲ. ಆಗ ಆ ಕಾರ್ಯಾಚರಣೆ ಇನ್ನೂ ನಡೆಯುತ್ತಿತ್ತು. ೧೯೯೦ರಲ್ಲಿ ಅವರು ಮುಚ್ಚುಮರೆ ಮಾಡುವುದಿಲ್ಲ. ಅಮೆರಿಕ ಕೈ ನೀಡಿದ್ದು ಟಿಬೆಟ್ಟಿನ ಮೇಲಿನ ಪ್ರೀತಿಯಿಂದಲ್ಲ, ಕಮ್ಯೂನಿಸ್ಟರ ಮೇಲಿನ ಹಗೆಯಿಂದ ಎಂದು ಸ್ಪಷ್ಟವಾಗಿ ಬರೆಯುತ್ತಾರೆ. ೧೯೭೨ರಲ್ಲಿ ನಿಕ್ಸನ್ ಬೀಜಿಂಗಿಗೆ ಹೋಗಿ ಕೈ ಕುಲುಕಿದರು. ಅಷ್ಟರಲ್ಲಾಗಲೇ ನೆರವು ಬತ್ತತೊಡಗಿತ್ತು. ೧೯೭೪ರಲ್ಲಿ, ನೇಪಾಳದ ಮುಸ್ತಾಂಗಿನಲ್ಲಿ ಉಳಿದಿದ್ದ ಹೋರಾಟಗಾರರಿಗೆ ಶಸ್ತ್ರ ಕೆಳಗಿಡಿರೆಂದು ದಲೈ ಲಾಮಾ ಅವರೇ ಧ್ವನಿಮುದ್ರಿತ ಸಂದೇಶ ಕಳಿಸಬೇಕಾಯಿತು. ಅದನ್ನು ಕೇಳಿ ಕೆಲವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಒಬ್ಬ ಬಲಿಷ್ಠ ‘ವಿಮೋಚನೆ’ ಎಂದ. ಇನ್ನೊಬ್ಬ ‘ಸಹಾಯ’ ಎಂದ. ಇಬ್ಬರ ಲೆಕ್ಕದ ಬಾಕಿಯನ್ನು ತೀರಿಸಿದವರು ಒಬ್ಬರೇ.

ಇಷ್ಟು ಮೆಚ್ಚಿದ ಮೇಲೆ ಒಂದು ಆಕ್ಷೇಪಣೆಯನ್ನೂ ಹೇಳಬೇಕು. ಬೈಲುಕುಪ್ಪೆಯ ಜನರ ದುಃಖವನ್ನು ನಾವು ಈ ಪುಸ್ತಕದಲ್ಲಿ ಗುರುವಿನ ಕಿವಿಯಿಂದ ಕೇಳುತ್ತೇವೆ. ಗುರುವು ಸಮಾಧಾನ ಹೇಳುತ್ತಾನೆ. ಹೇಳುವುದು ಅವನ ಕರ್ತವ್ಯ. ಆದರೆ ಸಮಾಧಾನ ಬೇಗ ಬಂದರೆ ಸಾಹಿತ್ಯಕ್ಕೆ ನಷ್ಟ. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ ವರ್ಷಗಟ್ಟಲೆ ಇದ್ದು, ಕ್ಷಯಕ್ಕೆ ಜೊತೆಗಾರರನ್ನು ಕಳೆದುಕೊಂಡು ಬಂದ ಭಿಕ್ಷುಗಳು ಬೈಲುಕುಪ್ಪೆಯಲ್ಲಿ ಸೇರಾ ವಿಹಾರವನ್ನು ಮತ್ತೆ ಕಟ್ಟಿದರು. ಅವರು ತಾವೇ ಮಾತನಾಡಿದರೆ ಆ ಮಾತು ಇಷ್ಟು ನುಣುಪಾಗಿ ಇರಲಾರದು.

ಆ ಒರಟು ದನಿಯನ್ನು ನಾನು ಕೇಳಿದ್ದು ಮುಂದಿನ ತಲೆಮಾರಿನ ತೆನ್ಜಿನ್ ಸುಂಡೂ ಅವರ ‘ಕೋರ’ ಎಂಬ ಪುಟ್ಟ ಸಂಕಲನದಲ್ಲಿ. ಇವರು ರಸ್ತೆ ಕೂಲಿಗಳ ಮಗ, ಭಾರತದಲ್ಲೇ ಹುಟ್ಟಿದವರು. ಅದರಲ್ಲಿ ದೇಶಾಂತರದ ಮನೆಯೊಂದರ ಮೇಲೆ ಒಂದು ಕವಿತೆಯಿದೆ. ಸೋರುವ ಮಾಡು, ಊರಿಗೆ ಇನ್ನೇನು ಹೊರಡುವವರೆಂಬ ನಂಬಿಕೆಯಲ್ಲಿ ಅದನ್ನು ಸರಿಮಾಡಿಸದ ಹಿರಿಯರು, ಅಷ್ಟರಲ್ಲಿ ಅಂಗಳದ ಗಿಡಗಳು ಬೇರು ಬಿಟ್ಟಿವೆ. ಸುಂಡೂ ಅವರ ಬರಹ ಕೆಲವೆಡೆ ಘೋಷಣೆಯತ್ತ ವಾಲುತ್ತದೆ. ಆದರೆ ಇಲ್ಲಿ ಒಂದು ಮನೆಯ ಮಾಡಿನಿಂದಲೇ ಅರ್ಧ ಶತಮಾನದ ಕಾಯುವಿಕೆಯನ್ನು ಕಾಣಿಸುತ್ತಾರೆ.

ಇನ್ನು ನಮ್ಮ ಮಾತಿಗೆ ಬರೋಣ. ೧೯೯೯ರಲ್ಲಿ ನಾಮ್ಡ್ರೋಲಿಂಗ್ ವಿಹಾರದ ಹೊಸ ಮಂದಿರ ಸಿದ್ಧವಾದ ಮೇಲೆ ಬೈಲುಕುಪ್ಪೆ ನಮಗೆ ‘ಗೋಲ್ಡನ್ ಟೆಂಪಲ್’ ಆಯಿತು, ‘ಮಿನಿ ಟಿಬೆಟ್’ ಆಯಿತು. ಮಡಿಕೇರಿಗೆ ಹೋಗುವ ದಾರಿಯಲ್ಲಿ ಒಂದು ಗಂಟೆ ಇಳಿದು, ಚಿತ್ರ ತೆಗೆಸಿಕೊಂಡು, ಅಲ್ಲಿಯ ಜನರ ಮುಖದಲ್ಲಿ ಎಂಥ ಶಾಂತಿ ಎಂದು ಬರೆಯುವ ಪ್ರವಾಸ ಲೇಖನಗಳನ್ನು ನಾನು ಸಾಕಷ್ಟು ಓದಿದ್ದೇನೆ. ‘ಶಾಂತಿಯುತ ವಿಮೋಚನೆ’ಯಂತೆ ಇವೂ ಚೆಂದದ ಮಾತುಗಳೇ; ಚೆಂದದ ಮಾತಿನ ಕೆಳಗೆ ಬೆಲೆಯ ಚೀಟಿ ಕಾಣುವುದಿಲ್ಲ. ಇಲ್ಲಿಯೇ ಹುಟ್ಟಿದ ಯುವಕನೂ ವಿದೇಶೀಯನೆಂದು ನೋಂದಾಯಿಸಿಕೊಂಡು ಕಾಗದವನ್ನು ನವೀಕರಿಸುತ್ತಾ ಇರಬೇಕಾಗುವುದನ್ನು, ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋಗುವ ಸಂಸಾರಗಳನ್ನು ಆ ಲೇಖನಗಳು ನೋಡುವುದಿಲ್ಲ.

ನಮ್ಮ ಸೀಮೆಗೆ ಇದನ್ನು ಅರಿಯುವ ಯೋಗ್ಯತೆ ಇಲ್ಲದೆ ಇಲ್ಲ. ಕಾವೇರಿಯ ಪ್ರವಾಹದಿಂದ ಎಡತೊರೆಯ ಜನ ಸರಿದು ಕೃಷ್ಣರಾಜನಗರ ಬೆಳೆಯಿತು. ಕಬಿನಿಯ ನೀರಿಗೆ ಹೆಗ್ಗಡದೇವನಕೋಟೆಯ ಹಳ್ಳಿಗಳು ಹೋದವು. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರು ಕೊಡಗಿನ ತೋಟಗಳಲ್ಲಿ ಕೂಲಿಯಾದರು. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ೧೯೬೮ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯೇ ಮುಂದೆ ಹೆಗ್ಗಡದೇವನಕೋಟೆಯ ಬಡವರ ನಡುವೆ ಕೆಲಸ ಮಾಡಿತೆಂಬುದು ಗಮನಿಸತಕ್ಕ ಸಂಗತಿ. ನೆಲ ಕಳೆದುಕೊಂಡವರ ಭಾಷೆ ಒಂದೇ. ಆದರೂ ಒಂದು ವ್ಯತ್ಯಾಸವುಂಟು. ನಮ್ಮವರು ದೂರದಿಂದಲಾದರೂ ತಮ್ಮ ನೆಲವನ್ನು ಬೆರಳೆತ್ತಿ ತೋರಿಸಬಲ್ಲರು. ಬೈಲುಕುಪ್ಪೆಯ ಮುದುಕನಿಗೆ ಆ ಭಾಗ್ಯವೂ ಇಲ್ಲ.

ಈ ಎರಡು ಆತ್ಮಕಥೆಗಳು ಒಳ್ಳೆಯ ಕನ್ನಡದಲ್ಲಿ ನಮ್ಮ ಹಳ್ಳಿಯ ವಾಚನಾಲಯಗಳಲ್ಲಿ ಇರಬೇಕು. ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಮೊದಲ ತಂಡದಲ್ಲಿ ಬಂದವರಲ್ಲಿ ಉಳಿದವರು ಈಗ ಬಹಳ ವಯಸ್ಸಾದವರು. ಅವರಲ್ಲಿ ಕನ್ನಡ ಬಲ್ಲವರೂ ಉಂಟು. ಹುಳು ಸಾಯುತ್ತವೆಂದು ಬೆಂಕಿ ಹಚ್ಚಲು ಹಿಂಜರಿದ ಕೈ ಕೊನೆಗೆ ಹೇಗೆ ಹಚ್ಚಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವವರು ಪಿರಿಯಾಪಟ್ಟಣದಿಂದಲೋ ಹುಣಸೂರಿನಿಂದಲೋ ಹೊರಡಬೇಕು, ಬೇಗ ಹೊರಡಬೇಕು.